ಅನುಸೂಯಮ್ಮನ ಕಾರಿನ ಕೆಂಪು ದೀಪ

ಅನುಸೂಯಮ್ಮನ ಮುತ್ತಾತ ಚೌಡಯ್ಯ ಸೀರೆಗಂಟನ್ನು ತಲೆಯ ಮೇಲಿಟ್ಟುಕೊಂಡು ದೊಡ್ಡಬಳ್ಳಾಪುರದಿಂದ ಹೊರಟರೆ ನಂದಿಬೆಟ್ಟದ ಬುಡ ಬಳಸಿ ಚಿಕ್ಕಬಳ್ಳಾಪುರದ ಸಂತೆಯಲ್ಲೇ ಇಳಿಸುತ್ತಿದ್ದುದು. ಒಮ್ಮೆ ದಾರಿಯಲ್ಲಿ ಕಳ್ಳನೊಬ್ಬ ಅಡ್ಡಗಟ್ಟಿದ. ಚೌಡಯ್ಯ ಓಡಲಿಲ್ಲ, ಕೂಗಲಿಲ್ಲ. ಬಂಡೆಯ ಮೇಲೆ ಗಂಟು ಬಿಚ್ಚಿ ಕೂತು, "ನಿನ್ನ ಹೆಂಡ್ರು ಎಣ್ಣೆಗೆಂಪೋ, ನೇರಳೆ ಬಣ್ಣವೋ? ಒಪ್ಪೋದು ನೋಡಿ ತೆಗೀಬೇಕಲ್ಲಪ್ಪ, ಸುಮ್ಮನೆ ಕದ್ದರಾಯ್ತಾ?" ಎಂದನಂತೆ. ಕಳ್ಳ ಕಕ್ಕಾಬಿಕ್ಕಿಯಾಗಿ ಒಂದೇ ಒಂದು ಸೀರೆ ತೆಗೆದುಕೊಂಡು ಹೋದ. ಮುಂದಿನ ಸುಗ್ಗಿಗೆ ಅದೇ ಸೀರೆ ಉಟ್ಟ ಹೆಂಡತಿಯನ್ನು ಕರೆದುಕೊಂಡು ಬಂದು ಇನ್ನೊಂದು ಕೊಂಡ.

ಚೌಡಯ್ಯನ ಮಗ ಸಂಜೀವಪ್ಪನ ಕಾಲಕ್ಕೆ ಮನೆಗೆ ಒಂದು ತಟ್ಟು ಕುದುರೆ ಬಂತು. ಅರ್ಧ ದಾರಿಯಲ್ಲಿ ಕುದುರೆ ಕುಂಟಿತು. ಹಿಂದೆ ಬರುತ್ತಿದ್ದ ಗಾಡಿಯವನು "ಗಂಟು ಇಲ್ಲಿ ಹಾಕಿ ಯಜಮಾನರೇ" ಎಂದರೆ ಸಂಜೀವಪ್ಪ ಒಪ್ಪಲಿಲ್ಲ. ಗಂಟನ್ನು ತಾನು ಹೊತ್ತು, ಕುದುರೆಯನ್ನು ಮಗುವಿನ ಹಾಗೆ ಕೈಹಿಡಿದು ನಡೆಸಿಕೊಂಡು ಊರು ಸೇರಿದ. ಅವನ ಮಗ, ಅಂದರೆ ಅನುಸೂಯಮ್ಮನ ಅಪ್ಪ ರಾಮಲಿಂಗಯ್ಯ, ಸೈಕಲ್ಲಿನವನು. ಯಲಹಂಕದ ಹತ್ತಿರ ಟ್ಯೂಬು ಸಿಡಿದಾಗ ಟಯರಿನೊಳಗೆ ಮಗ್ಗದ ಸಿಕ್ಕುನೂಲು ತುರುಕಿ, ಸೀರೆಗಂಟಿನ ಸಮೇತ ದಡಬಡ ದಡಬಡ ಎಂದು ಮನೆ ಬಾಗಿಲಿಗೆ ಬಂದವನು. ಮೂರು ತಲೆಮಾರಿನಲ್ಲಿ ಗಂಟಿಗೆ ಇನ್ನೊಬ್ಬರ ಹೆಗಲು ಕೇಳಿದವರಿಲ್ಲ. ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಹೇಗಿರಬೇಕೋ ಅನುಸೂಯಮ್ಮ ಹಾಗೇ ಇದ್ದಳು.

ತವರಿನಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕಾಲಮಣೆ ತುಳಿಯುತ್ತ ನೇಯುವ ಮಗ್ಗ ಅದು. ಮೂಗುಬೊಟ್ಟು ಚುಚ್ಚುವ ಮೊದಲೇ ಆಕೆ ಕಾಲಮಣೆ ತುಳಿಯಲು ಕಲಿತಿದ್ದಳು. ಮದುವೆಯಾಗಿ ಬಂದದ್ದು ಕೋದಂಡರಾಮಯ್ಯನ ಮನೆಗೆ. ಅಲ್ಲಿ ಕರೆಂಟು ಮಗ್ಗಗಳ ಶೆಡ್ಡು. ಕಾಲಿಗೆ ಕೆಲಸವಿಲ್ಲ, ಕಿವಿಗೆ ಪುರುಸೊತ್ತಿಲ್ಲ. ಕೋದಂಡರಾಮಯ್ಯ ಮಗ್ಗ ಬಿಟ್ಟು ಅಲ್ಲಾಡದ ಮನುಷ್ಯ. ಸೀರೆ ನೇಯುವುದು ಅವನಿಗೆ ಗೊತ್ತು, ಮಾರುವುದು ಗೊತ್ತಿಲ್ಲ. ಹೊರಗಿನ ವ್ಯಾಪಾರ ತಾನಾಗಿಯೇ ಅನುಸೂಯಮ್ಮನ ಹೆಗಲಿಗೆ ಬಂತು.

ತೊಂಬತ್ತರ ದಶಕ ಕಣ್ಣು ಬಿಡುವ ಹೊತ್ತಿಗೆ ಬೆಂಗಳೂರಿನ ವ್ಯಾಪಾರಿಯೊಬ್ಬರು ಹೊಸ ಕಾರು ಕೊಂಡರು, ಅವರ ಹಳೆಯ ಕಾರು ಈ ಮನೆಗೆ ಬಂತು. ಹಾಲಿನ ಕೆನೆಯ ಬಣ್ಣ, ಮುದುಕನ ಕೆಮ್ಮಿನಂಥ ಸದ್ದು. ಕೋದಂಡರಾಮಯ್ಯ ಅದರಲ್ಲಿ ಒಂದೇ ಸಲ ಕೂತ. ಗಂಗಾಧರಪುರ ದಾಟುವಷ್ಟರಲ್ಲಿ ಚೌಡೇಶ್ವರಿಯನ್ನು ನೂರೆಂಟು ಸಲ ಕರೆದು, ಇಳಿದು, ನಡೆದುಕೊಂಡೇ ಮನೆಗೆ ಬಂದ. ಅವನ ತಮ್ಮ ನಂದಕುಮಾರ ಕಾರು ಕಲಿತ, ಆದರೆ ಕಲಿತ ವಾರದಲ್ಲೇ ಬೀದಿನಲ್ಲಿಗೆ ಗುದ್ದಿ ಇಡೀ ಬೀದಿಗೆ ನೀರಿಲ್ಲದ ಹಾಗೆ ಮಾಡಿದ. ಹೆಂಗಸರು ಖಾಲಿ ಕೊಡ ಹಿಡಿದು ಮನೆ ಮುಂದೆ ನಿಂತರು. ಅಂದಿನಿಂದ ಕಾರಿನ ಕೀ ಅನುಸೂಯಮ್ಮನ ಸೊಂಟದ ಬೀಗದ ಗೊಂಚಲು ಸೇರಿತು. ಸೀರೆಯ ನೆರಿಗೆಯನ್ನು ತುಸು ಮೇಲೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಕಾರು ಓಡಿಸುವ ಹೆಂಗಸನ್ನು ನೋಡಲು ಮೊದಮೊದಲು ಬಜಾರಿನ ಜನ ಅಂಗಡಿಯಿಂದ ಇಳಿದು ಬರುತ್ತಿದ್ದರು. ಆಮೇಲೆ ದನ ಬಂದರೆ ಸರಿದ ಹಾಗೆ ಸರಿಯತೊಡಗಿದರು.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಅನುಸೂಯಮ್ಮನ ಕಿವಿಗೆ ಇಂಜಿನ್ನಿನ ಕೆಮ್ಮು, ಗೇರಿನ ಗೊಣಗು ಎಲ್ಲ ಗೊತ್ತಾಗುತ್ತಿತ್ತು. ಗೊತ್ತಾಗದೆ ಇದ್ದದ್ದು ಒಂದೇ, ಟಯರಿನ ಗಾಳಿ. ಗಾಳಿಗೆ ಸದ್ದಿಲ್ಲ ನೋಡಿ. ಒಂದು ಸಲ ಬೆಂಗಳೂರಿನಿಂದ ಬರುವಾಗ ಹಿಂದಿನ ಚಕ್ರದ ಗಾಳಿ ಇಳಿದಿದೆ ಎಂಬ ಅರಿವೇ ಇಲ್ಲದೆ ಓಡಿಸಿಕೊಂಡೇ ಬಂದಳು. ಟಯರು ಹರಿದು ಚಿಂದಿಯಾಗಿ, ಕಬ್ಬಿಣದ ಬಳೆ ನೆಲಕ್ಕೆ ಕೂತು, ಕಾರು ನಿಂತೇ ಹೋಯಿತು. ಬದಲಿ ಚಕ್ರದಲ್ಲೂ ಗಾಳಿ ಇರಲಿಲ್ಲ. ಆ ಹೊತ್ತಿಗೆ ಸಿಕ್ಕಿದ್ದು ಹುಲ್ಲು ಇಳಿಸಿ ಹಿಂದಿರುಗುತ್ತಿದ್ದ ಮುನಿವೆಂಕಟಪ್ಪನ ಎತ್ತಿನ ಗಾಡಿ. ಎತ್ತಿಗೆ ಕಾರು ಕಟ್ಟಿ, ಸಂಜೆಯ ಜನ ಕಿಕ್ಕಿರಿದ ಬಜಾರಿನ ನಡುವೆ ಎಳೆಸಿಕೊಂಡು ಬಂದದ್ದಾಯಿತು.

"ಏನಮ್ಮಾ ಅನುಸೂಯಮ್ಮ, ಹೊಸ ಇಂಜಿನ್ ಹಾಕ್ಸಿದ್ರಾ? ಎರಡು ಬಾಲ ಇದ್ದಂಗಿದೆ!"

"ಪೆಟ್ರೋಲ್ ಬ್ಯಾಡ ಬಿಡಿ, ಹುರುಳಿ ಹಾಕಿದ್ರೆ ಸಾಕು!"

ಮನೆಗೆ ಬಂದರೆ ನಂದಕುಮಾರ ಬಾಗಿಲಲ್ಲೇ ಕೈ ಚಾಚಿ ನಿಂತಿದ್ದ. "ಕೀ ಕೊಡಿ ಅತ್ತಿಗೆ. ಇನ್ಮೇಲೆ ಹೊರಗಿನ ವ್ಯಾಪಾರ ನಾನು ನೋಡ್ಕೋತೀನಿ. ನೀವು ಶೆಡ್ಡಲ್ಲಿ ಕೂತು ಸೀರೆ ಮಡಚಿ."

ಅನುಸೂಯಮ್ಮನಿಗೆ ಎತ್ತು ಎಳೆದದ್ದಕ್ಕಿಂತ ಈ ಮಾತು ಹೆಚ್ಚು ಉರಿಯಿತು. "ನೋಡು ನಂದ, ಇನ್ನೊಂದು ಸಲ ನಾನು ದಾರೀಲಿ ನಿಂತು ಯಾರನ್ನಾದ್ರೂ ‘ಕೈ ಹಾಕ್ರಪ್ಪ’ ಅಂತ ಕೇಳಿದ್ರೆ, ಅವತ್ತೇ ಈ ಕೀ ನಿಂದು. ಕೇಳದೆ ಇದ್ರೆ, ನನ್ನ ಸೊಂಟದ ಕಡೆ ನೋಡ್ಬೇಡ."

ಆಡಿದ ಮಾತು, ಒಡೆದ ಮಡಕೆ. ಇಡೀ ಶೆಡ್ಡು ಕೇಳಿಸಿಕೊಂಡಿತ್ತು.

ಕೋದಂಡರಾಮಯ್ಯ ಮರುದಿನ ಬೈಲಪ್ಪನನ್ನು ಕರೆಸಿದ. ಬೈಲಪ್ಪ ಮಗ್ಗದ ಮೋಟರು ರಿಪೇರಿಯವನು, ಬಾಯಲ್ಲಿ ಯಾವಾಗಲೂ ಎರಡು ಸ್ಕ್ರೂ. ಶೆಡ್ಡಿನ ಒಂದು ಮಗ್ಗಕ್ಕೆ ಅವನೇ ಒಂದು ಉಪಾಯ ಮಾಡಿದ್ದ. ಹಾಸಿನ ಉದ್ದನೆಯ ನೂಲಿನಲ್ಲಿ ಒಂದು ಎಳೆ ಹರಿದರೆ ಅದಕ್ಕೆ ತೂಗಿಬಿಟ್ಟ ಸಣ್ಣ ಕಬ್ಬಿಣದ ಕಡ್ಡಿ ಕೆಳಗೆ ಬೀಳುತ್ತದೆ. ಬಿದ್ದರೆ ತಂತಿಗೆ ತಂತಿ ತಾಗಿ ದೀಪ ಹತ್ತುತ್ತದೆ. ಅದೇ ಉಪಾಯವನ್ನು ಕಾರಿಗೂ ಮಾಡಿದ. ನಾಲ್ಕೂ ಚಕ್ರಗಳ ಒಳಮಗ್ಗುಲಲ್ಲಿ ಒಂದೊಂದು ಉಕ್ಕಿನ ಪಟ್ಟಿ ಇಳಿಬಿಟ್ಟ. ಗಾಳಿ ಸರಿಯಾಗಿದ್ದರೆ ಪಟ್ಟಿಯ ತುದಿ ನೆಲಕ್ಕೆ ತಾಗುವುದಿಲ್ಲ. ಗಾಳಿ ಇಳಿದು ಚಕ್ರ ಚಪ್ಪಟೆಯಾದರೆ ತುದಿ ನೆಲಕ್ಕೆ ಒತ್ತಿ, ಪಟ್ಟಿ ಬಾಗಿ, ಸ್ಟೇರಿಂಗಿನ ಪಕ್ಕ ಕೂರಿಸಿದ ಕೆಂಪು ಬಲ್ಬು ಹತ್ತಬೇಕು.

"ಅಮೇರಿಕಾದಲ್ಲೂ ಇರಾಕಿಲ್ಲ ಕಣಮ್ಮ ಇಂಥದ್ದು," ಎಂದ ಬೈಲಪ್ಪ ಸ್ಕ್ರೂ ಉಗಿದು. ಜೊತೆಗೆ ಒಂದು ಕಾಲ್ಪಂಪು ಕೊಟ್ಟ. "ದೀಪ ಹತ್ತಿದ್ರೆ ಇಳಿದು ತುಳೀರಿ, ಆರಿದ್ರೆ ಹತ್ತಿ ಹೊರಡಿ. ಯಾವ ನನ್ಮಗನ್ನೂ ಕೇಳೋ ಹಂಗಿಲ್ಲ."

ಬೈಲಪ್ಪ ಪಟ್ಟಿ ಕಟ್ಟಿದ್ದು ಖಾಲಿ ಕಾರಿಗೆ. ತೊಡಕು ಶುರುವಾದದ್ದು ಕಾರಿಗೆ ರುಕ್ಮಿಣಮ್ಮ ಹತ್ತಿದಾಗ.

ರುಕ್ಮಿಣಮ್ಮ ಕೋದಂಡರಾಮಯ್ಯನ ಅಕ್ಕ. ಒಳ್ಳೆಯ ಮೈಕಟ್ಟು, ಅಂದರೆ ಎರಡು ಮೈಗೆ ಆಗುವಷ್ಟು ಕಟ್ಟು. ಅವಳಿಲ್ಲದೆ ವ್ಯಾಪಾರ ನಡೆಯುತ್ತಿರಲಿಲ್ಲ. ಮದುವೆ ಮನೆಯವರ ಮುಂದೆ ಸೀರೆ ಬಿಚ್ಚಿ ಹರಡಿದರೆ ಸಾಲದು, ಯಾರಾದರೂ ಮೈಮೇಲೆ ಹಾಕಿಕೊಂಡು ತೋರಿಸಬೇಕು. ರುಕ್ಮಿಣಮ್ಮ ಸೆರಗು ಹೊದ್ದು ಒಂದು ಸುತ್ತು ತಿರುಗಿದರೆ, "ಇವರಿಗೇ ಇಷ್ಟು ಒಪ್ಪಿದರೆ ನಮ್ಮ ಹುಡುಗಿಗೆ ಇನ್ನೆಷ್ಟು ಒಪ್ಪೀತು" ಎಂದು ನೋಡುವವರಿಗೆ ಅನ್ನಿಸುತ್ತಿತ್ತು. ಇಷ್ಟು ಉಪಕಾರದ ಹೆಂಗಸು ಮುಂದಿನ ಸೀಟಿನಲ್ಲಿ ಕೂತ ತಕ್ಷಣ ಬೈಲಪ್ಪನ ದೀಪ ಝಗ್ಗೆಂದು ಹತ್ತಿತು. ಇಳಿದರೆ ಆರಿತು. ಕೂತರೆ ಹತ್ತಿತು.

ನಂದಕುಮಾರ ನಕ್ಕು ನಕ್ಕು ನೆಲಕ್ಕೆ ಕೂತ. "ಅಕ್ಕಾ, ಬೈಲಪ್ಪ ನಿನಗೇ ಅಂತ ಮಾಡಿದ್ದು ಕಣೇ. ಗಾಡಿಗಲ್ಲ!"

"ಆ ಬೈಲಪ್ಪನ ಮನೆ ಹಾಳಾಗ! ನಾನು ಕೂತ್ರೆ ಕೆಂಪು ದೀಪ ಹಾಕ್ಸೋಕೆ ನಾನೇನು ರೈಲ್ವೆ ಗೇಟಾ?" ರುಕ್ಮಿಣಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಎರಡು ದಿನದ್ದೂ ಸೇರಿಸಿ ಮಾಡಿದಳು, ಅದು ಬೇರೆ ಮಾತು. ಆದರೆ ಅವಳ ಕಣ್ಣಂಚು ಒದ್ದೆಯಾದದ್ದನ್ನು ಅನುಸೂಯಮ್ಮ ನೋಡಿದ್ದಳು. ಹಾಗಾಗಿ ಪ್ರತಿ ಸಲ ಹೊರಡುವ ಮೊದಲು ಆ ದೀಪದ ಮೇಲೆ ಒಂದು ರವಿಕೆ ಕಣವನ್ನು ಪಿನ್ನು ಹಾಕಿ ಇಳಿಬಿಡುತ್ತಿದ್ದಳು. ಮಗ್ಗದವರ ಅಭ್ಯಾಸವೇ ಹಾಗೆ. ದೀಪ ಸುಮ್ಮಸುಮ್ಮನೆ ಹತ್ತಿ ಕಾಟ ಕೊಟ್ಟರೆ ಕಡ್ಡಿಗೆ ಒಂದು ನೂಲು ಸುತ್ತಿ ಬಾಯಿ ಮುಚ್ಚಿಸಿ ನೇಯುತ್ತ ಹೋಗುವುದು. ಹರಿದದ್ದು ಬಟ್ಟೆಯಲ್ಲಿ ಕಂಡಾಗ ನೋಡಿಕೊಂಡರಾಯಿತು.

ಹೀಗಿರುವಾಗ ವಿಜಯಪುರದ ರೇಷ್ಮೆ ನೂಲು ಬಿಚ್ಚುವ ಗೋಪಾಲಪ್ಪನ ಮನೆಯಿಂದ ಹೇಳಿಕೆ ಬಂತು. ಮಗಳು ಶಶಿರೇಖಾಳ ಮದುವೆ. ಧಾರೆಸೀರೆಯಿಂದ ಹಿಡಿದು ಬೀಗಿತ್ತಿಯರ ಸೀರೆಯವರೆಗೆ ಎಲ್ಲ ಒಂದೇ ಕಡೆ ತೆಗೆಯುತ್ತಾರೆ. ಒಂದು ಶೆಡ್ಡಿಗೆ ವರ್ಷದ ಕೆಲಸ. ಶುಕ್ರವಾರ ಬೆಳಿಗ್ಗೆ ಬನ್ನಿ, ಹತ್ತೂವರೆಗೆ ರಾಹುಕಾಲ ಹತ್ತುತ್ತೆ, ಅಷ್ಟರೊಳಗೆ ಧಾರೆಸೀರೆ ಮುಟ್ಟಿ ಅರಿಶಿನ ಹಚ್ಚಬೇಕು. ನೀವು ಆ ಹೊತ್ತಿಗೆ ಬಾರದಿದ್ದರೆ ರಾಹುಕಾಲ ಕಳೆದ ಮೇಲೆ ಹೊಸಕೋಟೆಯವರು ಬರುತ್ತಾರೆ, ಅವರ ಹತ್ತಿರ ತೆಗೆಯುತ್ತೇವೆ. ಇದು ಗೋಪಾಲಪ್ಪನ ಮಾತು.

ಶುಕ್ರವಾರ ಕಾರು ಹೊರಟಿತು. ಡಿಕ್ಕಿಯ ತುಂಬ ಗಂಟು, ಹಿಂದಿನ ಸೀಟಿನಲ್ಲಿ ಅರ್ಧ ಗಂಟು, ಅರ್ಧ ನಂದಕುಮಾರ. ಅವನನ್ನು ಯಾರೂ ಕರೆದಿರಲಿಲ್ಲ.

"ನೀನ್ಯಾಕೋ?"

"ಸಾಕ್ಷಿಗೆ ಅತ್ತಿಗೆ. ದಾರೀಲಿ ಯಾರನ್ನ ಏನು ಕೇಳ್ತೀರೋ ಯಾರಿಗೆ ಗೊತ್ತು."

ಶೆಡ್ಡಿನ ಬಾಗಿಲಲ್ಲಿ ಕಂಡಿಕೆ ಸುತ್ತುವ ಆದಿಲಕ್ಷ್ಮಮ್ಮ ಕೂತಿದ್ದಳು. ಲಾಳಿಗೆ ಹಾಕುವ ನೂಲು ಸುತ್ತುವುದು ಅವಳ ಕೆಲಸ. ಗೋಣಿ ಹೊದಿಸಿದ ದುಂಡನೆಯ ಆಸನದ ಮೇಲೆ ಮಹಾರಾಣಿಯಂತೆ ಕೂತು ಎರಡೂ ಕೈ ಎತ್ತಿ ಹರಸಿದಳು. "ಹೋಗ್ಬಾ ನನ್ನ ತಾಯಿ. ಕಾಲಿಗೆ ಮುಳ್ಳೂ ಚುಚ್ಚದೆ ಇರ್ಲಿ." ಕೋದಂಡರಾಮಯ್ಯ ಮಗ್ಗದ ಹಿಂದಿನಿಂದ ಕತ್ತು ಚಾಚಿ ಹೆಂಡತಿಯನ್ನು ಒಮ್ಮೆ ನೋಡಿ, ಮತ್ತೆ ಹಾಸಿನೊಳಗೆ ಮುಳುಗಿದ. ಅವನ ಮಟ್ಟಿಗೆ ಅದು ಒಂದು ಕಾಗದ ಬರೆದಷ್ಟು ಮಾತು.

ರವಿಕೆ ಕಣ ದೀಪದ ಮೇಲಿತ್ತು. ರುಕ್ಮಿಣಮ್ಮ ಅನುಸೂಯಮ್ಮನ ಪಕ್ಕ ಕೂತು ವೀಳ್ಯದೆಲೆಯ ನಾರು ಬಿಡಿಸುತ್ತ, ಹೊಸಕೋಟೆಯವರ ಸೀರೆ ಒಗೆದರೆ ಹೇಗೆ ಕೈವಸ್ತ್ರವಾಗುತ್ತದೆ ಎಂದು ವರ್ಣಿಸುತ್ತಿದ್ದಳು. ವಿಶ್ವನಾಥಪುರ ದಾಟಿತು. ಎರಡೂ ಕಡೆ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ. ಬಿಸಿಲು ಏರಿತು. ರುಕ್ಮಿಣಮ್ಮ ಬೆವರಿದಳು. ಒರೆಸಿಕೊಳ್ಳಲು ಕೈಗೆ ಸಿಕ್ಕ ಬಟ್ಟೆ ಎಳೆದಳು. ಅದು ಆ ರವಿಕೆ ಕಣ.

ಕೆಂಪು ದೀಪ ಕೆಂಡದ ಹಾಗೆ ಉರಿಯುತ್ತಿತ್ತು.

ರುಕ್ಮಿಣಮ್ಮ ದೀಪ ನೋಡಿದಳು, ಕೈಯಲ್ಲಿದ್ದ ಕಣ ನೋಡಿದಳು, ಪಿನ್ನು ನೋಡಿದಳು. "ಓಹೋ. ನನಗೆ ಕಾಣ್ದಂಗೆ ಮುಸುಕು ಹಾಕಿದ್ದಾ?"

"ನಿಮಗೆ ಬೇಜಾರಾಗ್ಬಾರ್ದು ಅಂತ ಅಕ್ಕಾ."

"ನಿಲ್ಸು ಗಾಡಿ. ನಾನು ಇಳೀತೀನಿ. ನಡ್ಕೊಂಡು ಬರ್ತೀನಿ ವಿಜಯಪುರಕ್ಕೆ. ಈ ದೀಪದ ಮುಂದೆ ನಾನು ಕೂರಲ್ಲ!"

ಕಾರು ನಿಂತಿತು. ರುಕ್ಮಿಣಮ್ಮ ಇಳಿದು, ಬಾಗಿಲು ಧಡಾರನೆ ಬಡಿದು, ಹೊಂಗೆಮರದ ಕೆಳಗೆ ಬೆನ್ನು ತಿರುಗಿಸಿ ನಿಂತಳು. ಅನುಸೂಯಮ್ಮ ದೀಪವನ್ನೇ ನೋಡುತ್ತಿದ್ದಳು. ಆರಲಿಲ್ಲ.

"ಅಕ್ಕಾ!" ಎಂದಳು ಮೆಲ್ಲಗೆ. "ನೀವು ಇಳಿದ್ರೂ ಆರ್ತಿಲ್ಲ."

ರುಕ್ಮಿಣಮ್ಮ ಸರಕ್ಕನೆ ತಿರುಗಿದಳು. ಕಿಟಕಿಯೊಳಗೆ ತಲೆ ಹಾಕಿ ನೋಡಿದಳು. ಮುಖ ಊರಹಬ್ಬದ ಹಾಗೆ ಅರಳಿತು. "ಆರಿಲ್ಲ! ನೋಡೋ ನಂದ, ನಾನು ಇಲ್ಲಿದೀನಿ, ದೀಪ ಅಲ್ಲಿ ಉರೀತಿದೆ! ಈಗ ಹೇಳೋ, ಯಾರದ್ದೋ ತಪ್ಪು?"

ತಪ್ಪು ಹಿಂದಿನ ಎಡಚಕ್ರದ್ದು. ನಂದಕುಮಾರ ಕೂತಿದ್ದ ಕಡೆಯೇ. ಅರ್ಧ ಗಾಳಿ ಹೋಗಿ, ಬಾಣಂತಿಯ ಹೊಟ್ಟೆಯ ಹಾಗೆ ನೆಲಕ್ಕೆ ಜೋತಿತ್ತು. ಒಂದು ಸಣ್ಣ ಲಾಳದ ಮೊಳೆ ರಬ್ಬರಿನಲ್ಲಿ ಮಿನುಗುತ್ತಿತ್ತು. ಕಣ ಎಳೆಯದೆ ಇದ್ದಿದ್ದರೆ ಇನ್ನೊಂದು ಹರದಾರಿಯಲ್ಲಿ ಟಯರು ಚಿಂದಿ, ಮತ್ತೆ ಮುನಿವೆಂಕಟಪ್ಪನ ಎತ್ತು.

"ಸ್ಟೆಪ್ನಿ ಹಾಕಿದ್ರಾಯ್ತು," ಎಂದು ಅನುಸೂಯಮ್ಮ ಡಿಕ್ಕಿ ತೆಗೆದಳು. ಗಂಟು, ಗಂಟಿನ ಹಿಂದೆ ಗಂಟು, ಅದರಾಚೆ ಗಂಟು. ಬದಲಿ ಚಕ್ರ ಇರಬೇಕಾದ ಜಾಗದಲ್ಲೂ ಗಂಟೇ. ಆಗ ಆಕೆಗೆ ನೆನಪಾಯಿತು. ದೀಪಾವಳಿ ಹೊತ್ತಿಗೆ ಇನ್ನೊಂದು ಗಂಟು ಹಿಡಿಯಲಿ ಎಂದು ಚಕ್ರವನ್ನು ತಾನೇ ತೆಗೆಸಿದ್ದಳು. ಅದು ಶೆಡ್ಡಿನ ಬಾಗಿಲಲ್ಲೇ ಇತ್ತು, ಮೇಲೆ ಗೋಣಿ ಹೊದ್ದು. ಅದರ ಮೇಲೆ ಕೂತೇ ಆದಿಲಕ್ಷ್ಮಮ್ಮ ಕಾಲಿಗೆ ಮುಳ್ಳೂ ಚುಚ್ಚದಿರಲಿ ಎಂದು ಹರಸಿದ್ದಳು.

ನಂದಕುಮಾರನ ಬಾಯಿ ಕಿವಿ ಮುಟ್ಟಿತು. ಆ ಹೊತ್ತಿಗೆ ಸರಿಯಾಗಿ ಒಂದು ಟ್ರ್ಯಾಕ್ಟರು ಬಂದು ನಿಂತಿತು.

"ಏನಮ್ಮಾ, ಗಾಳಿ ಹೋಯ್ತಾ? ಹಗ್ಗ ಐತೆ, ದೇವನಹಳ್ಳಿ ಗಂಟ ಎಳ್ಕೊಂಡ್ ಬಿಡ್ಲಾ?"

ನಂದಕುಮಾರ ಆಕಾಶ ನೋಡಿದ. ಅವನ ಬೆರಳುಗಳು ಕೀ ಹಿಡಿದ ಹಾಗೆ ಆಡುತ್ತಿದ್ದವು. ಅನುಸೂಯಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. "ಏನೂ ಇಲ್ಲಪ್ಪ, ನೆರಳು ಚೆನ್ನಾಗಿತ್ತು, ನಿಂತ್ವಿ. ನೀನು ನಡಿ."

ಟ್ರ್ಯಾಕ್ಟರಿನವನು ಜೋತುಬಿದ್ದ ಚಕ್ರ ನೋಡಿ, ಬಿಸಿಲಲ್ಲಿ ನಿಂತ ಮೂವರನ್ನು ನೋಡಿ, ತಲೆ ಕೆಡಿಸಿಕೊಳ್ಳದೆ ಹೋದ.

ಅನುಸೂಯಮ್ಮ ಕಾಲ್ಪಂಪು ತೆಗೆದು ಚಕ್ರದ ಬಾಯಿಗೆ ಸಿಕ್ಕಿಸಿದಳು. ಬರಿಗಾಲಿಟ್ಟಳು. ಒತ್ತಿದಳು, ಬಿಟ್ಟಳು. ಮೊದಲೆರಡು ತುಳಿತ ತಡವರಿಸಿತು. ಮೂರನೆಯದಕ್ಕೆ ಕಾಲಿಗೆ ತವರು ನೆನಪಾಯಿತು. ಇದು ಕಾಲಮಣೆ ಅಲ್ಲವೇ! ತುಳಿ, ಬಿಡು, ಲಾಳಿ ಆಚೆ. ತುಳಿ, ಬಿಡು, ಲಾಳಿ ಈಚೆ. ಮಗ್ಗದ ಕುಣಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಕಾಲು ಮರೆತಿರಲಿಲ್ಲ. ಕೈಗಳೂ ಸುಮ್ಮನಿರದೆ ಇಲ್ಲದ ಲಾಳಿಯನ್ನು ಅತ್ತಿತ್ತ ತಳ್ಳುವ ಹಾಗೆ ಅಲ್ಲಾಡುತ್ತಿದ್ದವು. ದ್ರಾಕ್ಷಿ ತೋಟದ ಹೆಂಗಸರು ಬುಟ್ಟಿ ಇಳಿಸಿ ನೋಡತೊಡಗಿದರು.

"ಏನಕ್ಕಾ ಅದು, ಹೊಲಿಗೆ ಮಿಷನ್ನಾ?"

"ಸೀರೆ ನೇಯ್ತಿದೀನಿ ಕಣ್ರವ್ವ. ಗಾಳೀದು. ಉಡ್ತೀರಾ?"

"ಬ್ಯಾಡಕ್ಕ, ನಮ್ಮ ಯಜಮಾನ್ರು ಬಯ್ತಾರೆ!" ನಗೆ ಚಪ್ಪರವನ್ನೆಲ್ಲ ಅಲ್ಲಾಡಿಸಿತು.

ದೀಪ ಆರಿತು. ರುಕ್ಮಿಣಮ್ಮ ಅಂಜುತ್ತ ಅಂಜುತ್ತ ಬಂದು ಮುಂದೆ ಕೂತಳು. ದೀಪ ಹತ್ತಿತು.

ಆಕೆಯ ಮುಖ ಮತ್ತೆ ಬಾಡಿತು. ಅನುಸೂಯಮ್ಮ ಸ್ಟೇರಿಂಗಿನ ಹತ್ತಿರ ಹೋದವಳು ಅಲ್ಲೇ ನಿಂತಳು. ಇದು ಹೀಗೇ ಉರಿಯುತ್ತಿದ್ದರೆ ಹಿಂದಿನ ಚಕ್ರದ ಸುದ್ದಿ ಮುಂದೆ ತಿಳಿಯುವುದು ಹೇಗೆ? ಇಷ್ಟು ದಿನ ದೀಪ ಉರಿದಾಗಲೆಲ್ಲ ಎಲ್ಲರೂ ಅಕ್ಕನನ್ನು ನೋಡಿದ್ದರೇ ಹೊರತು ಅಕ್ಕನ ಕೆಳಗಿನ ಚಕ್ರವನ್ನು ಯಾರು ನೋಡಿದ್ದರು? "ನೀವು ಕೂತೇ ಇರಿ ಅಕ್ಕಾ," ಎಂದು ಪಂಪನ್ನು ಮುಂದಿನ ಚಕ್ರಕ್ಕೆ ಸಿಕ್ಕಿಸಿ, ಅಕ್ಕ ಕೂತಿರುವಾಗಲೇ ತುಳಿಯತೊಡಗಿದಳು. ಚಕ್ರ ಮೆಲ್ಲಗೆ ಎದ್ದಿತು.

ಒಳಗಿನಿಂದ ರುಕ್ಮಿಣಮ್ಮನ ದನಿ ಕೇಳಿಸಿತು, ಯಾರೋ ಮಲಗಿದ ಮಗುವನ್ನು ತೋರಿಸುವಷ್ಟು ಮೆತ್ತಗೆ. "ಅನುಸೂಯಾ... ನಾನು ಕೂತಿದೀನಿ. ದೀಪ ಆರಿದೆ."

"ಅದು ನಿಮ್ಮನ್ನ ಬಯ್ದಿಲ್ಲ ಅಕ್ಕಾ. ಭಾರಕ್ಕೆ ತಕ್ಕ ಗಾಳಿ ಕೇಳಿದೆ. ನಾವು ಕೊಟ್ಟಿಲ್ಲ, ಅಷ್ಟೇ."

"ಹಂಗಾದ್ರೆ ಬೈಲಪ್ಪ ಒಳ್ಳೇ ಹುಡುಗ ಬಿಡು," ಎಂದಳು ರುಕ್ಮಿಣಮ್ಮ, ಎಲೆಗೆ ಸುಣ್ಣ ಸವರುತ್ತ.

ದೇವನಹಳ್ಳಿ ತಲುಪುವಷ್ಟರಲ್ಲಿ ದೀಪ ಇನ್ನೊಮ್ಮೆ ಹತ್ತಿ, ಇನ್ನೊಮ್ಮೆ ತುಳಿದದ್ದಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಕಂಡಿತು.

"ಅಲ್ಲಿ ಹೋದ್ರೆ ಕೇಳಿದಂಗೇ ಲೆಕ್ಕ ಅತ್ತಿಗೆ," ಎಂದ ನಂದಕುಮಾರ.

"ಕಾಸು ಕೊಟ್ಟು ಮಾಡ್ಸಿದ್ರೆ ಅದು ವ್ಯಾಪಾರ ಕಣೋ. ಬೇಡೋದಲ್ಲ. ನಿನ್ನ ಕ್ಷೌರ ನೀನೇ ಮಾಡ್ಕೋತೀಯಾ?"

ವಾದ ಗೆದ್ದದ್ದು ಅನುಸೂಯಮ್ಮ, ಸೋಲಿಸಿದ್ದು ಕರೆಂಟು. ಅಂಗಡಿಯವನು ಬೆಂಚಿನ ಮೇಲೆ ಮಲಗಿ ಬೀಸಣಿಗೆ ಆಡಿಸುತ್ತಿದ್ದ. "ಕರೆಂಟಿಲ್ಲಮ್ಮ. ಮಧ್ಯಾಹ್ನದ ಮೇಲೆ ಬನ್ನಿ." ಗಡಿಯಾರ ನೋಡಿದರೆ ಹತ್ತರ ಹತ್ತಿರ. ಚಕ್ರ ಮತ್ತೆ ಕುಗ್ಗುತ್ತಿತ್ತು, ತೂತು ಮೊದಲಿಗಿಂತ ದೊಡ್ಡದಾಗಿತ್ತು. ಹೀಗೇ ನಿಲ್ಲುತ್ತ ನಿಲ್ಲುತ್ತ ಹೋದರೆ ರಾಹುಕಾಲ ಹತ್ತುತ್ತದೆ, ಹೊಸಕೋಟೆಯವರು ಹೊಸ್ತಿಲು ತುಳಿಯುತ್ತಾರೆ. ಯಾರಾದರೂ ಜೀಪಿನವರನ್ನು ಕೇಳಿದರೆ ವ್ಯಾಪಾರ ಉಳಿಯುತ್ತದೆ, ಕೀ ಹೋಗುತ್ತದೆ.

ಅನುಸೂಯಮ್ಮ ಕಾರಿನ ಸುತ್ತ ಒಂದು ಸಲ ಬಂದಳು. ಭಾರ ಇಳಿಸಬೇಕು. ಹಿಂದಿನ ಎಡಭಾಗದ ಭಾರ. ಗಂಟು ಬೇಕು. ಸೀರೆ ಹೊದ್ದು ತೋರಿಸುವ ರುಕ್ಮಿಣಮ್ಮ ಬೇಕೇ ಬೇಕು. ತಾನಿಲ್ಲದೆ ಕಾರು ಓಡದು. ಆಕೆಯ ದೃಷ್ಟಿ ಮೆಲ್ಲನೆ ಹಿಂದಿನ ಸೀಟಿಗೆ ಹೋಗಿ ನಿಂತಿತು.

"ನಂದ, ಇಳಿಯಪ್ಪ."

"ಯಾಕೆ?"

"ನೀನೇ ಗಾಡೀಲಿರೋ ಕೆಲಸಕ್ಕೆ ಬಾರದ ಭಾರ. ವಿಜಯಪುರದ ಬಸ್ಸು ಅಲ್ಲೇ ನಿಂತಿದೆ, ಹತ್ತು."

"ನಾನು ಸಾಕ್ಷಿಗೆ ಬಂದೋನು ಅತ್ತಿಗೆ!"

"ಸಾಕ್ಷಿಗೆ ದೀಪ ಇದೆ. ನಿನ್ನಂಗೆ ಸುಳ್ಳು ಹೇಳಲ್ಲ ಅದು."

ರುಕ್ಮಿಣಮ್ಮ ನಕ್ಕ ನಗೆಗೆ ಕಾರು ತೊಟ್ಟಿಲಿನ ಹಾಗೆ ತೂಗಿತು. ಪಾಪ, ನಂದಕುಮಾರ ಬಸ್ಸು ಹತ್ತಿದ. ಎಡಗಡೆಯ ಗಂಟುಗಳೆಲ್ಲ ಬಲಕ್ಕೆ ಸರಿದವು, ಎರಡು ರುಕ್ಮಿಣಮ್ಮನ ಮಡಿಲು ಸೇರಿದವು. ಅನುಸೂಯಮ್ಮ ಇನ್ನೊಂದಿಷ್ಟು ತುಳಿದು, ದೀಪ ಆರಿಸಿ, ಹೊರಟಳು.

ಅರ್ಧ ದಾರಿಯಲ್ಲಿ ದೀಪ ಮಿಣುಕಿತು. ನಿಲ್ಲಿಸಿ ತುಳಿಯುತ್ತಿರುವಾಗ ಬಸ್ಸು ದಾಟಿ ಹೋಯಿತು. ಕಿಟಕಿಯಲ್ಲಿ ನಂದಕುಮಾರನ ತಲೆ. "ಅತ್ತಿಗೇ, ಬಸ್ಸು ನಿಲ್ಲಿಸ್ಲಾ? ಹತ್ಕೊಳ್ಳಿ!" ಬಸ್ಸಿನ ಜನವೆಲ್ಲ ಅತ್ತ ವಾಲಿ ನೋಡಿದರು. ಅನುಸೂಯಮ್ಮ ತುಳಿಯುವುದು ಬಿಡದೆ, ಹೋಗು ಹೋಗು ಎಂದು ಕೈ ಬೀಸಿದಳು. ದನ ಅಟ್ಟುವ ಹಾಗೆ.

ಮುಂದಿನ ಹಳ್ಳಿಯಲ್ಲಿ ಬಸ್ಸು ನಿಂತಿತ್ತು. ಹಾಲಿನ ಕ್ಯಾನು ಏರಿಸಲೋ ಇಳಿಸಲೋ ಜಗಳ. ಕೆನೆಬಣ್ಣದ ಕಾರು ಕೆಮ್ಮುತ್ತ ಪಕ್ಕದಲ್ಲೇ ದಾಟಿತು. ರುಕ್ಮಿಣಮ್ಮ ಮಡಿಲ ಗಂಟಿನ ಮೇಲಿಂದ ಕೈ ಎತ್ತಿ ತಮ್ಮನಿಗೆ ಟಾಟಾ ಮಾಡಿದಳು.

ಗೋಪಾಲಪ್ಪನ ಮನೆಯಂಗಳಕ್ಕೆ ಕಾರು ನುಗ್ಗಿದಾಗ ದೀಪ ಮತ್ತೆ ಉರಿಯುತ್ತಿತ್ತು, ಆದರೆ ಇನ್ನು ಉರಿಯಲಿ ಬಿಡು. ಗೋಪಾಲಪ್ಪನ ವಯಸ್ಸಾದ ತಾಯಿ ಪಂಚಾಂಗ ಮುಂದಿಟ್ಟುಕೊಂಡು ಜಗಲಿಯಲ್ಲೇ ಕೂತಿದ್ದಳು. "ಬಂದ್ಯೇನಮ್ಮ? ಇನ್ನೇನು ರಾಹುಕಾಲ ಕತ್ತು ಹಿಡೀತಿತ್ತು. ಬಿಚ್ಚು, ಬಿಚ್ಚು." ರುಕ್ಮಿಣಮ್ಮ ಉಸಿರು ತೆಗೆದುಕೊಳ್ಳದೆ ಮೊದಲ ಗಂಟು ಬಿಚ್ಚಿ, ಅರಿಶಿನಬಣ್ಣಕ್ಕೆ ಕೆಂಪಂಚಿನ ಸೀರೆಯ ಸೆರಗನ್ನು ಹೊದ್ದು ಗಿರ್ರನೆ ಒಂದು ಸುತ್ತು ತಿರುಗಿದಳು. ಶಶಿರೇಖಾ ಬಾಗಿಲ ಹಿಂದಿನಿಂದ ಬಂದು ಸೀರೆಯನ್ನು ಮುಟ್ಟಿಯೇ ಬಿಟ್ಟಳು. ಅಜ್ಜಿ ಅದರ ಮೂಲೆಗೆ ಅರಿಶಿನ ಹಚ್ಚಿದಳು. ಹಚ್ಚಿದ ಮೇಲೆ ಇನ್ನೇನು, ಆ ಸೀರೆ ಆ ಮನೆಯದು, ಉಳಿದ ಸೀರೆಗಳೂ ಅದರ ಹಿಂದೆ ಬಂದ ಹಾಗೆಯೇ. ಒಳಗಿನ ಗಡಿಯಾರ ಹತ್ತೂವರೆಯ ಒಂದು ಬಡಿತ ಬಡಿದದ್ದು ಆಮೇಲೆ.

ನಂದಕುಮಾರ ಬಸ್ಸಿಳಿದು ನಡೆದು ಬಂದಾಗ ಒಳಗೆ ಸೀರೆ ಆರಿಸುವ ಗದ್ದಲ, ಹೊರಗೆ ಅಂಗಳದಲ್ಲಿ ಎಡಕ್ಕೆ ವಾಲಿ ನಿಂತ ಕಾರು. ಬಸ್ಸಿನಲ್ಲಿ ಯಾರೋ ಮುದುಕ ಅವನನ್ನು ಕೇಳಿದ್ದ, "ಆ ಗಾಳಿ ಹೊಡೀತಿದ್ದೋರು ಯಾರಪ್ಪ, ನಿಮ್ಮೋರಾ?" ಅದಕ್ಕೆ ಅವನ ಬಾಯಿಂದ ತಾನಾಗಿಯೇ "ಹೂಂ, ನಮ್ಮತ್ತಿಗೆ" ಎಂದು ಬಂದುಬಿಟ್ಟಿತ್ತು. ಹಾಗೆ ಹೇಳುವಾಗ ಎದೆ ಯಾಕೆ ಅಷ್ಟು ಅಗಲವಾಯಿತೋ ಅವನಿಗೇ ತಿಳಿಯಲಿಲ್ಲ.

ಊಟಕ್ಕೆ ಎಲೆ ಹಾಕಿದ್ದರು. ಅನುಸೂಯಮ್ಮ ಮಾತ್ರ ಅಂಗಳಕ್ಕೆ ಬಂದಳು. ವಿಜಯಪುರದ ಪಂಕ್ಚರ್ ಅಂಗಡಿ ಪೇಟೆಬೀದಿಯಲ್ಲಿದೆ, ಅಲ್ಲಿಯವರೆಗಾದರೂ ಚಕ್ರಕ್ಕೆ ಗಾಳಿ ಬೇಕು. ನೋಡಿದರೆ ನಂದಕುಮಾರ ಆಗಲೇ ಪ್ಯಾಂಟು ಮಡಚಿ, ಪಂಪು ಸಿಕ್ಕಿಸಿ, ಅದರ ಮೇಲೆ ಕಾಲಿಟ್ಟುಕೊಂಡು ನಿಂತಿದ್ದ. ಗೋಪಾಲಪ್ಪನ ಕಡೆಯ ಇಬ್ಬರು ಆಳುಗಳೂ ತೋಳೇರಿಸಿ ಪಕ್ಕದಲ್ಲಿದ್ದರು.

"ನೀವು ಊಟಕ್ಕೆ ಹೋಗಿ ಅತ್ತಿಗೆ," ಎಂದ ನಂದಕುಮಾರ, ಮುಖ ಎತ್ತದೆ. "ನಾನು ತುಳೀತೀನಿ. ನೀವು ಕೇಳಿಲ್ಲ, ನಾನಾಗೇ ಮಾಡ್ತಿರೋದು. ಮಾತಿಗೆ ಸೇರಲ್ಲ ಇದು."

ಅನುಸೂಯಮ್ಮ ಸೊಂಟದ ಗೊಂಚಲನ್ನು ಸರಿಮಾಡಿಕೊಂಡಳು. ನಗು ಬಂತು, ನುಂಗಿಕೊಂಡಳು. ಸೆರಗು ಬಿಗಿದು, ಬರಿಗಾಲನ್ನು ಪಂಪಿನ ಹತ್ತಿರ ತಂದಳು.

"ಬೇಡ ಕಣಪ್ಪ, ಕಾಲು ತೆಗಿ. ನೀನು ತುಳಿದ್ರೆ ಚಕ್ರ ಎದ್ದೇಳುತ್ತೆ, ಇಷ್ಟು ವರ್ಷದ ಮೇಲೆ ಎದ್ದ ನನ್ನ ಕಾಲು ಕೂತ್ಬಿಡುತ್ತೆ. ಹೋಗು, ಒಳಗೆ ಒಬ್ಬಟ್ಟು ಬಿಸಿ ಇದೆ, ನನ್ನ ಪಾಲಿಂದೂ ನೀನೇ ತಿನ್ನು. ಇದೊಂದು ನಂಗೆ ಬಿಡು."